ಹಳ್ಳದಾಚೆಯ ಹೋರಿ

ನಮ್ಮೂರನ್ನು ಸೀಳಿದ್ದು ಹಳ್ಳವಲ್ಲ, ಪಾಪ.
ಮೊಣಕಾಲು ಮಟ್ಟದ ನೀರು ಅದು,
ಬೇಸಿಗೆಯಲ್ಲಿ ಬಾತುಕೋಳಿಯ ಹೊಟ್ಟೆಯೂ ನೆನೆಯದು.
ಯಾರೋ ಎಲ್ಲೋ ಕೂತು ನಕಾಶೆಯ ಮೇಲೆ ಬೆರಳೆಳೆದರು,
ಬೆರಳಿನಡಿಗೆ ಅದು ಸಿಕ್ಕಿತು.
ಈಚೆ ಬಟೂಮಿಗೆ ಹೋಗುವ ದಾರಿ, ಆಚೆ ಹೋಪಾಕ್ಕೆ.
ಎದುರಿಗೆ ಕಪ್ಪು ಸಮುದ್ರ, ಯಾರ ಮಾತೂ ಕೇಳದ್ದು.
ಈಚೆ ಅಮ್ಮ, ನಝಿಬ್ರೋಲಾ.
ಆಚೆ ಅವಳಕ್ಕ ಹವ್ವಾ:
ಮದುವೆಯಾಗಿ ನಲವತ್ತು ಹೆಜ್ಜೆ ಆಚೆ ಹೋದವಳು
ಮೂವತ್ತೇಳರಲ್ಲಿ ಪರದೇಶದವಳಾದಳು.

ಆ ಕಡೆ ನೋಡಬಾರದು. ಕೈ ಬೀಸಬಾರದು.
ಸಾವಾದರೂ ಗಟ್ಟಿಯಾಗಿ ಅಳಬಾರದು,
ಅಳುವಿನೊಳಗೆ ಹೆಸರಿರುತ್ತದಲ್ಲ.

ಮೂರನೇ ಕ್ಲಾಸಿನಲ್ಲಿ ನಾನು ಕೇಳಿದೆ:
'ಅವರ ನಾಯಿ ಬೊಗಳಿದ್ದು
ನಮ್ಮ ನಾಯಿಗೆ ತಿಳಿಯುತ್ತದೆಯೆ ಮೇಷ್ಟ್ರೆ?'
ಟಿಬಿಲಿಸಿಯಿಂದ ಬಂದ ಮೇಷ್ಟ್ರು
ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು
ಏಳರ ಮಗ್ಗಿ ಮುಂದುವರಿಸಿದರು.

ತಿಳಿಯುತ್ತಿತ್ತೋ ಏನೋ.
ನಮ್ಮ ಬೊಂಬೊರಾ ಒಂದು ಸಲ ಅಂದರೆ
ಆಚೆಯದು ಎರಡು ಸಲ ಅನ್ನುತ್ತಿತ್ತು.
ಮಾತಾಡಿದವರು ಯಾರೆಂದು ಸರ್ಚ್‌ಲೈಟು
ನಡುವೆ ತಡಕಾಡುತ್ತಿತ್ತು ರಾತ್ರಿಯಿಡೀ.
ಹುಂಜದ್ದೇ ತಕರಾರು.
ನಮ್ಮ ಪಠ್ಯದಲ್ಲಿ ಅದು 'ಕಿಕ್ಲಿಕೋ' ಎನ್ನಬೇಕು,
ಅವರದರಲ್ಲಿ 'ಊ-ಉರು-ಊ'.
ನಮ್ಮ ಗಡಿಯಾರ ಬೇರೆ ಎರಡು ತಾಸು ಮುಂದೆ.
ಆದರೂ ಬೆಳ್ಳಿ ಮೂಡಿತೋ,
ಎರಡು ದೇಶದ ಕೋಳಿಗೂಡಿಗೆ ಒಂದೇ ಗಂಟಲು.

ಐವತ್ತೆಂಟರ ವಸಂತದಲ್ಲಿ
ನಿಕೋರಾ ಹಗ್ಗ ಹರಿದುಕೊಂಡು ಹಳ್ಳ ದಾಟಿದಳು.
ಕಾವಲಿನ ಹುಡುಗ ಬಂದೂಕೆತ್ತಿದ,
ಹಸುವಿಗೆ 'ನಿಲ್ಲು' ಅನ್ನುವುದು ಯಾವ ಭಾಷೆಯಲ್ಲಿ
ಎಂದು ಯೋಚಿಸುವಷ್ಟರಲ್ಲಿ
ಅವಳು ದೊಡ್ಡಮ್ಮನ ಕೊಟ್ಟಿಗೆಯಲ್ಲಿದ್ದಳು.

ಮೂರು ರಾತ್ರಿ.
ನಾಲ್ಕನೆಯ ದಿನ ಹಳ್ಳದ ಮೇಲೆ ಎರಡು ಬಾವುಟ,
ಇಬ್ಬರು ಅಧಿಕಾರಿಗಳು, ಬೆವರುವ ಒಬ್ಬ ದುಭಾಷಿ.
ಹಸು: ಒಂದು. ಬಣ್ಣ: ಕೆಂಪು.
ಆರೋಗ್ಯ: ತೃಪ್ತಿಕರ. ಠಸ್ಸೆ.
ಬಾಲದ ಕುಚ್ಚಿನಲ್ಲಿ ಒಂದು ನೀಲಿ ಮಣಿ ಇತ್ತು.
ಲೆಫ್ಟಿನೆಂಟು ಅದನ್ನು ಬಿಚ್ಚಿ
ಬೆಳಕಿಗೆ ಹಿಡಿದು ಓದಲು ನೋಡಿ
ಜೇಬಿಗೆ ಹಾಕಿಕೊಂಡ.

ಅಮ್ಮ ಕೆಚ್ಚಲಿಗೆ ಕೈ ಹಾಕಿದಳು.
ಬಹಳ ಹೊತ್ತು ತೆಗೆಯಲಿಲ್ಲ.
'ಕಡೇ ಹನಿಯವರೆಗೂ ಕರೆದಿದ್ದಾಳೆ,' ಅಂದಳು,
'ಮೊಲೆ ನೋಯದ ಹಾಗೆ. ಅವಳೇ.'
ನಮ್ಮ ಮನೆಗೆ ಬಂದ ಕಾಗದ ಅದೊಂದೇ.

ಒಂಬತ್ತು ತಿಂಗಳಿಗೆ ಕರು ಹಾಕಿದಳು ನಿಕೋರಾ.
ಹಣೆಯಲ್ಲಿ ಬಿದಿಗೆಯ ಚಂದ್ರ!
ನಮ್ಮ ಸಾಮೂಹಿಕ ಫಾರ್ಮಿನ ಒಂದು ಹೋರಿಗೂ
ಆ ಗುರುತಿರಲಿಲ್ಲ.
ಸಮಿತಿ ಸೇರಿತು. 'ತಂದೆ' ಎಂಬ ಕಲಮಿನಲ್ಲಿ
ಗುಮಾಸ್ತ ಪೆನ್ಸಿಲಿಟ್ಟು, ತೆಗೆದು,
ಮತ್ತಿಟ್ಟು, ಕೊನೆಗೆ ಗೀಟೆಳೆದ.
ಅಮ್ಮ ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೊತ್ತಿಕೊಂಡು
ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು:
'ಇಪ್ಪತ್ತು ವರ್ಷದಲ್ಲಿ ನಮಗಾಗದ್ದು!
ಮೂರೇ ರಾತ್ರಿ, ದುಭಾಷಿಯೂ ಇಲ್ಲದೆ!'

ಎಂಬತ್ತೆಂಟರಲ್ಲಿ ಬಾಗಿಲು ತೆರೆದರು.
ದೊಡ್ಡಮ್ಮ ನಡೆದೇ ಬಂದಳು, ನಲವತ್ತು ಹೆಜ್ಜೆ,
ಎರಡು ಸಲ ಕೂತು ಸುಧಾರಿಸಿಕೊಂಡು.
ಇಬ್ಬರದೂ ಲಾಝ್ ನುಡಿಯೇ. ಆದರೆ
ಅಮ್ಮನ ಮಾತಿನಲ್ಲಿ ರಷ್ಯನ್ನು
ಅನ್ನದೊಳಗಿನ ಕಲ್ಲಿನಂತೆ ಕಟಕ್ಕೆನ್ನುತ್ತಿತ್ತು,
ಅವಳದರಲ್ಲಿ ತುರ್ಕಿ.
ಸತ್ತವರ ಲೆಕ್ಕ ಒಪ್ಪಿಸಿದರು. ಅಷ್ಟಕ್ಕೇ ಮಾತು ತೀರಿತು.
ಬಹಳ ಹೊತ್ತಿನ ಮೇಲೆ ದೊಡ್ಡಮ್ಮ ಕೇಳಿದಳು,
'ಮಣಿ ಸಿಕ್ಕಿತ್ತೆ?'
'ಸಿಕ್ಕಿತ್ತು,' ಅಂದಳು ಅಮ್ಮ.

ಸಂಜೆಯಾಗುತ್ತಿತ್ತು.
ಬೇಲಿಯಾಚೆ ಮೇಯುತ್ತಿದ್ದಳು
ಆ ಕರುವಿನ ಮಗಳ ಮರಿಮಗಳೋ ಯಾರೋ, ಅದೇ ಚಂದ್ರ.
ಇಬ್ಬರೂ ಒಟ್ಟಿಗೆ ಎದ್ದು ನಿಂತು
ತಮ್ಮ ತಾಯಿ ಕರೆಯುತ್ತಿದ್ದ ಹಾಗೆ ಅವಳನ್ನು ಕರೆದರು,
ಅದೇ ಎಳೆತ, ಅದೇ ಕೊನೆಯ ಕೊಂಕು.
ಕೂಗಿ, ಬೆಚ್ಚಿ, ಒಬ್ಬರನ್ನೊಬ್ಬರು ನೋಡಿದರು.

ಹಸು ಕತ್ತೆತ್ತಿತು. ಇವಳನ್ನು ನೋಡಿತು, ಅವಳನ್ನು ನೋಡಿತು.
ಮತ್ತೆ ಹುಲ್ಲಿಗೆ ಬಾಯಿ ಹಾಕಿತು.