ಮಾಜಾಳಿ ಗೇಟಿನ ಮಹಜರು

ರಿಜಿಸ್ಟರಿನಲ್ಲಿ ನಾಲ್ಕೇ ಕಲಮು:
ಫೆನ್ನಿ, ವಿಸ್ಕಿ, ಬಿಯರು, ಇತರೆ.
ಹನ್ನೊಂದು ವರ್ಷದ ಅಬಕಾರಿ ನೌಕರಿಯಲ್ಲಿ
‘ಇತರೆ’ಯ ಕೆಳಗೆ ನಾನು ಬರೆದದ್ದು ಒಂದೇ ಸಲ.

ಪೋಳೆಯ ಕಡೆಯಿಂದ ಬಂದ ಕದಂಬ ಬಸ್ಸು.
ಸೀಟಿನಡಿಯ ಕೈಚೀಲದಲ್ಲಿ
ಟರ್ಕಿ ಟವೆಲು ಸುತ್ತಿ, ಕೂಸಿನ ಹಾಗೆ
ಮಲಗಿಸಿಟ್ಟ ಒಂದು ಬಾಟಲಿ.
‘ಯಾರದ್ದು?’ ಎಂದೆ.
ಈ ಪ್ರಶ್ನೆಗೆ ಯಾವ ಬಸ್ಸಿನಲ್ಲೂ ಯಾರೂ ಇರುವುದಿಲ್ಲ.
ಈತ ಎದ್ದು ನಿಂತ.
ಪುಂಡಲೀಕ ದುರ್ಗೇಕರ, ಬೈತಖೋಲ,
ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಅಡುಗೆ.
‘ಸಾಹೇಬ್ರೆ, ಇದು ಕುಡಿಲಿಕ್ಕಲ್ಲ. ಊಟಕ್ಕೆ.’

ಇಡೀ ಬಸ್ಸು ನಕ್ಕಿತು. ನಾನೂ.

ಚೀಟಿಯ ಅಕ್ಷರ ನನಗೆ ಹತ್ತಲಿಲ್ಲ. ಅವನೇ ಓದಿದ:
ಮೆನ್ಸಿಯಾ. ಸ್ಪೇನಿನ ಮಳೆಮೂಲೆಯ ದ್ರಾಕ್ಷಿ.
ಮುರಗಾಂವಿಗೆ ಹಡಗು ಬಂದಾಗ
ಹಳೆಯ ದೋಸ್ತನೊಬ್ಬ ಕೊಟ್ಟದ್ದಂತೆ.
‘ಅವನ ಊರಲ್ಲಿ ಸಂತೆ ದಿನ
ಹೆಂಗಸರು ತಾಮ್ರದ ಹಂಡೆ ಇಟ್ಟು
ಎಂಟು ಕಾಲಿನದನ್ನು ಬೇಯಿಸ್ತಾರೆ.
ನಮ್ಮವರು ಬಲೆ ಕೊಡವಿ
ಎಕ್ಸ್‌ಪೋರ್ಟಿನವನ ಬುಟ್ಟಿಗೆ ಎಸೀತಾರಲ್ಲ, ಅದೇ.
ಕುದಿಯೋ ನೀರಿಗೆ ಅದ್ದಿ ತೆಗೀಬೇಕು, ಮೂರು ಸಲ.
ಅದಕ್ಕೆ ಹೆದರಿಸೋದು ಅಂತಾರೆ.
ಒಮ್ಮೆಲೇ ಹಾಕಿದ್ರೆ ಸಿಪ್ಪೆ ಬಿಡ್ತದೆ.
ಮೂರು ಸಲ ಹೆದರಿದ್ರೆ, ನೋಡಿ, ಹೀಗೆ—’
ತನ್ನದೇ ಬೆರಳು ಮಡಿಸಿ ಸುರುಳಿ ಮಾಡಿ ತೋರಿಸಿದ.
ಕಂಡಕ್ಟರ್ ಸೀಟಿ ಊದಿದ.

ಪರ್ಮಿಟ್ಟಿಲ್ಲ. ಒಂದಾದರೇನು, ನೂರಾದರೇನು.
ಬರೆದುಕೊಂಡೆ: ಇತರೆ, ಒಂದು, ಕೆಂಪು.
ಅವನು ಟವೆಲನ್ನು ಮಾತ್ರ ಕೇಳಿ ಇಸಿದುಕೊಂಡ.

ತಿಂಗಳ ಕೊನೆಗೆ ಪಂಚರೆದುರು ನಾಶ.
ಠಾಣೆಯ ಹಿಂದೆ, ಗಾಳಿಮರದ ಬುಡದಲ್ಲಿ ಹೊಂಡ.
ಫೆನ್ನಿ ಸುರಿದರೆ ಮೂಗು ಉರಿಯುತ್ತದೆ,
ಬಿಯರು ನೊರೆಯಾಗಿ ಗೊಣಗುತ್ತದೆ.
ಇದರ ಬಿರಡೆ ಕೀಳಲು ಬಾರದೆ
ಕತ್ತು ಕಲ್ಲಿಗೆ ಬಡಿದೆ.
ಪಂಚರಲ್ಲೊಬ್ಬ ಬೀಡಿ ಬಾಯಿಂದ ತೆಗೆದು
ಗಾಳಿಯನ್ನು ಮೂಸಿದ.
ಮಹಜರಿನಲ್ಲಿ ವಾಸನೆಗೆ ಜಾಗವಿಲ್ಲ.
ಮರಳು ಒಂದೇ ಗುಟುಕಿಗೆ ಮುಗಿಸಿತು.

ಆಮೇಲೊಂದು ಭಾನುವಾರ, ರಾತ್ರಿಪಾಳಿ ಮುಗಿಸಿ
ಖಾಕಿಯಲ್ಲೇ ಬೈತಖೋಲಕ್ಕೆ ಹೋದೆ.
ಯಾಕೆ ಅಂತ ಬೈಕಿಗೂ ಗೊತ್ತಿರಲಿಲ್ಲ.
ಓಣಿಯವರು ನನ್ನನ್ನು ಕಂಡು ಬಾಗಿಲು ಓರೆ ಮಾಡಿಕೊಂಡರು.
ಅವನು ಅಂಗಳದಲ್ಲಿ, ಮೂರು ಕಲ್ಲಿನ ಒಲೆಯ ಮುಂದೆ.
‘ಅದು ನನ್ನ ಅಡುಗೆಮನೆಗೆ ಬರಕೂಡದು’ ಎಂದು
ಹೆಂಡತಿ ಶೇವಂತಾ ಗೆರೆ ಎಳೆದಿದ್ದಳಂತೆ.
ಹೆದರಿಸಿ ಆಗಿತ್ತು. ಈಗ ಕತ್ತರಿಯಿಂದ
ದರ್ಜಿಯ ಹಾಗೆ ಕಾಲು ಕತ್ತರಿಸುತ್ತಿದ್ದ.
ಹಲಸಿನ ಹಲಗೆಯ ಮೇಲೆ ಬಿಲ್ಲೆಬಿಲ್ಲೆ,
ಸಾಣಿಕಟ್ಟೆಯ ಹರಳುಪ್ಪು, ಕೊಬ್ಬರಿ ಎಣ್ಣೆ,
ಮೇಲೆ ಬ್ಯಾಡಗಿ ಪುಡಿ.
‘ಬಣ್ಣ ಉಂಟು, ಸಿಟ್ಟಿಲ್ಲ. ಅಲ್ಲಿಯದೂ ಹೀಗೆಯೇ.’

ಎರಡು ಬಿಳಿ ಪಿಂಗಾಣಿ ಬಟ್ಟಲು ಇಟ್ಟು
ಮುರುಗಲ ನೀರು ತುಂಬಿದ.
ಬಾಟಲಿಯ ಮಾತೆತ್ತಲಿಲ್ಲ.
ನಾನೇ ಎಂದೆ: ‘ಸುರಿದುಬಿಟ್ಟೆ.’
‘ಯಾವ ಕಡೆಗೆ?’
‘ಪಡುವಣಕ್ಕೆ. ಇಳಿಜಾರು ಆ ಕಡೆಗೇ.’
‘ಹಾಗಾದರೆ ಅಡ್ಡಿಲ್ಲ. ಮನೆ ಕಡೆ ಹೋಯ್ತು.’

ತುಂಡು ಹಲ್ಲಿನೊಡನೆ ಒಂದು ಕ್ಷಣ ವಾದಿಸಿ
ಆಮೇಲೆ ಒಪ್ಪಿಕೊಂಡಿತು.
‘ಹೇಗಿತ್ತು ವಾಸನೆ?’ ಎಂದ, ಬಹಳ ಹೊತ್ತಿನ ಮೇಲೆ.
ಹೊಂಡದ ಬದಿಯಲ್ಲಿ ನಿಂತವನು ನಾನು,
ಹೇಳಲೇಬೇಕಾಯಿತು:
ನೇರಳೆ ಹಣ್ಣು ಕದ್ದು ತಿಂದ ಹುಡುಗನ ಬಾಯಿ.
ಮೊದಲ ಮಳೆ ಬಿದ್ದ ಚಿರೆಕಲ್ಲು.
ಹಿಂದಿನಿಂದ, ಕರೆಯದೆ ಬಂದವನಂತೆ, ಕಾಳುಮೆಣಸು.
ಅವನು ಕಣ್ಣು ಮುಚ್ಚಿ ಅಗಿಯುತ್ತಿದ್ದ.
‘ಇನ್ನೊಮ್ಮೆ ಹೇಳಿ.’

ಎರಡನೇ ಸಲ, ಸುಳ್ಳೇಕೆ,
ಸ್ವಲ್ಪ ಹೆಚ್ಚೇ ಬಗ್ಗಿಸಿದೆ.
ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ
ಶೇವಂತಾ ಬಂದು ಬಂಗಡೆ ಸಾರು, ಅನ್ನ ಕುಕ್ಕಿದಳು.
ಇಬ್ಬರ ಮುಖವನ್ನೂ ನೋಡಿ,
ಬಟ್ಟಲೆತ್ತಿ ಮೂಸಿ,
ಏನೂ ಸಿಗದೆ,
ಇನ್ನೊಮ್ಮೆ ಮೂಸಿದಳು.