ನಾಲ್ಕು–ಐದರ ನಡುವೆ

ನಾಲ್ಕು–ಐದರ ನಡುವೆ ಸವೆದಿದೆ, ಅಂದರು.
ಗೇರಿನ ಮಾತೆಂದುಕೊಂಡೆ.
ಇಪ್ಪತ್ತಾರು ವರ್ಷ ಹೊಸನಗರದ ಬಸ್ಸು ಓಡಿಸಿದವನಿಗೆ
ಮೂಳೆಗೂ ನಂಬರಿದೆಯೆಂದು ಯಾರು ಹೇಳಿದ್ದರು?
ಆಯನೂರು ದಾಟಿದ ಮೇಲಿನ ಗುಂಡಿಗಳೆಲ್ಲ
ಒಂದೊಂದಾಗಿ ಅಲ್ಲಿ ಹೋಗಿ ಕೂತಿದ್ದವು.

ದುರ್ಗಿಗುಡಿಯ ಓಣಿ, ಮೊದಲ ಮಹಡಿ.
ಸೊಂಟ ಹಿಡಿದವರು ಹತ್ತಬೇಕಾದ ಮೆಟ್ಟಿಲು ಇಪ್ಪತ್ತೆರಡು.
ಎಣಿಸಿದ್ದೇನೆ, ಒಂದಕ್ಕೊಂದು ಬೈಗುಳದಂತೆ.

ಸಿಲ್ವಿಯಾ ಮೇಡಂ ಮಾತ್ರೆ ಬರೆಯುವುದಿಲ್ಲ.
ಮಲಗಿ, ಅಂದರು.
ಬೆನ್ನಿಗೂ ಚಾಪೆಗೂ ನಡುವಿನ ಸಂದಿಯಲ್ಲಿ
ಒಂದು ಇರುವೆ ಇದೆ ಅಂದುಕೊಳ್ಳಿ.
ಉಸಿರು ಬಿಡುತ್ತ ಮೆಲ್ಲಗೆ ಒತ್ತಿ.
ಸಾಯಿಸಬೇಡಿ, ಹುಚ್ರಾಯಪ್ಪನವರೇ.

ಕ್ಲಚ್ಚು ಬಿಟ್ಟ ಹಾಗೆ, ಅಷ್ಟೇ ತಾನೆ?
ನಿಂತ ಅಜ್ಜಿ ಮುಗ್ಗರಿಸದ ಹಾಗೆ.
ಹೌದು, ಅಂದರು.
ಅವರಿಗೆ ಬಸ್ಸು ಗೊತ್ತಿರಲಿಲ್ಲ, ನಗು ಗೊತ್ತಿತ್ತು.

ಮಂಡಿ ಮಡಚಿ ಸೊಂಟ ಎತ್ತಿದರೆ
ಅದರ ಹೆಸರು ಸೇತುವೆ. ಹತ್ತು ಎಣಿಸಬೇಕು.
ತುಂಗೆಯ ಸೇತುವೆ ಮೇಲೆ ಎಷ್ಟು ಸಲ ಹೋಗಿದ್ದೇನೋ,
ಅದಕ್ಕೆ ಹೇಗನಿಸುತ್ತದೆಂದು
ಏಳು ಎಣಿಸುವಾಗ ತಿಳಿಯಿತು.

ಮನೆಯಲ್ಲಿ ಬೆಕ್ಕಿನ ಹಾಗೆ ನಾಲ್ಕು ಕಾಲೂರಿ
ಬೆನ್ನು ಉಬ್ಬಿಸಿದರೆ
ಹೂವಮ್ಮ ಸೌಟು ಹಿಡಿದೇ ಬಂದು ನಿಲ್ಲುತ್ತಾಳೆ:
‘ಹಾಲಿಡಲಾ?’

ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಹೊಳೆದಂಡೆಗೆ.
ಡ್ರೈವರು ನಡೆದು ಹೋಗುವುದನ್ನು
ಡಿಪೋದವರು ನೋಡಬಾರದೆಂದು
ಕತ್ತಲಿರುವಾಗಲೇ ಹೊರಡುತ್ತಿದ್ದೆ.

ಮೊದಲ ದಿನ ಕೇಳಿದ್ದರು, ನೋವು ಎಲ್ಲಿದೆ?
ತಟ್ಟನೆ ತೋರಿಸಿದ್ದೆ.
ಮೂರನೇ ವಾರ ಕೇಳಿದರು, ಭಯ ಎಲ್ಲಿದೆ?
ಬೆರಳು ಗಾಳಿಯಲ್ಲೇ ನಿಂತಿತು.

ಮನೆಗೆ ಬಂದ ಮೇಲೆ ನೆನಪಾಯಿತು:
ಮಂಚದಡಿ, ಎರಡು ತಿಂಗಳ ಹಿಂದೆ ಉರುಳಿದ
ಐದು ರೂಪಾಯಿ ನಾಣ್ಯದ ಪಕ್ಕ.

ನೋವು ಹೋಯಿತೇ ಅಂದರೆ, ಇದೆ.
ಮೊದಲು ನನ್ನ ಪಕ್ಕ, ಬಾನೆಟ್ಟಿನ ಮೇಲೆ
ಕೂತು ಕಿವಿಯಲ್ಲೇ ಮಾತಾಡುತ್ತಿತ್ತು.
ಈಗ ಹಿಂದಿನ ಸೀಟಿಗೆ ಹೋಗಿದೆ.
ರಿಪ್ಪನ್‌ಪೇಟೆ ಹತ್ತಿರ ಒಮ್ಮೊಮ್ಮೆ ಕೆಮ್ಮುತ್ತದೆ.

ನಿನ್ನೆ, ಕಾಲಗಲಿಸಿ, ಮಂಡಿ ಸಡಿಲಿಸಿ,
ಕುಂಡೆ ಹಿಂದಕ್ಕೆ, ಬೆನ್ನು ನೆಟ್ಟಗೆ,
ಮೇಡಂ ಹೇಳಿದ ಹಾಗೇ ಬಗ್ಗಿ
ಮಂಚದಡಿ ಕೈ ಚಾಚಿದೆ.
ಬರೀ ಧೂಳು.

‘ಅದಾ? ಸೊಪ್ಪಿನವಳಿಗೆ ಕೊಟ್ಟು ತಿಂಗಳಾಯ್ತು’
ಒಳಗಿಂದ ಹೂವಮ್ಮ.

ಎದ್ದೆ.
ಮತ್ತೊಂದು ಸಲ ಬಗ್ಗಿ ನೋಡಿದೆ,
ಸುಮ್ಮನೆ.