ಎಡಗೈ

ಲಾಗ್‌ಬುಕ್ಕಿನಲ್ಲಿ ನಾಗವೇಣಿ ಮೇಡಂ ಬರೆದದ್ದು
ಒಂದೇ ಪದ: ತೃಪ್ತಿಕರ.
ಅದರ ಮೇಲೆ ಸೀಲು, ತಾರೀಖು.

ಕೈ ತೊಳೆಯುವ ತೊಟ್ಟಿಯ ಹತ್ತಿರ ಕೇಳಿದ್ದು ಬೇರೆ:
"ಬಲಗೈ ಹೊಲೀತಿದ್ದಾಗ
ನಿನ್ನ ಎಡಗೈ ಏನು ಮಾಡ್ತಿತ್ತು?"

ಉತ್ತರ ಇರಲಿಲ್ಲ.
ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿ ಆ ರಾತ್ರಿ
ಮಂಚದ ಕಾಲಿಗೆ ನೂಲು ಸುತ್ತಿ
ಗಂಟು ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ,
ಸೂರ್ಯೋದಯ ನೋಡಲು ನಂದಿಬೆಟ್ಟಕ್ಕೆ ಹೊರಟ ಬೈಕುಗಳು
ಬೀದಿಯಲ್ಲಿ ಗುಡುಗುವ ತನಕ.
ಎಡಗೈ ಮಾತ್ರ ಮದುವೆಗೆ ಬಂದ ದೂರದ ನೆಂಟನಂತೆ
ಊಟಕ್ಕೆ ಕಾಯುತ್ತ ಕೂತಿತ್ತು.

ಏಳನೆಯ ದಿನ ಹೊಲಿಗೆ ಬಿಚ್ಚಿಸಲು
ಶಿಡ್ಲಘಟ್ಟದಿಂದ ಜೈಬುನ್ನೀಸಾ ಬಂದಳು.
ಬಿಸಿನೀರಿಗೆ ಸವೆದ ಬೆರಳ ತುದಿಗಳು,
ಮೂವತ್ತು ವರ್ಷ ರೇಷ್ಮೆಗೂಡಿನಿಂದ
ಎಳೆ ಹುಡುಕಿ ತೆಗೆದ ಕೈ.
ಸೆರಗು ಸರಿಸಿ ತಾನೇ ಬಗ್ಗಿ ನೋಡಿದಳು
ನನ್ನ ಮೊದಲ ಸ್ವಂತ ಗಾಯವನ್ನು.
ಒಂದು, ಎರಡು, ಮೂರು ದಾಟಿ
ನಾಲ್ಕನೆಯದಕ್ಕೆ ಬೆರಳಿಟ್ಟು,
"ಇದನ್ನ ಹೆದರ್ಕೊಂಡು ಎಳ್ದಿದ್ದೀರ, ಡಾಕ್ಟ್ರೇ."
ಅಲ್ಲಿ ಮಾತ್ರ ಚರ್ಮ ಕೆಂಪಗೆ ಉಬ್ಬಿತ್ತು.

ಏನು ಹೇಳಬೇಕೋ ತೋಚದೆ ಕೇಳಿಬಿಟ್ಟೆ:
"ನೂಲು ತೆಗೆಯುವಾಗ ನಿಮ್ಮ ಎಡಗೈ ಏನು ಮಾಡುತ್ತೆ?"
ನಕ್ಕಳು; ಹೊಟ್ಟೆ ನೊಂದು ಅರ್ಧಕ್ಕೇ ನಿಲ್ಲಿಸಿದಳು.
"ಅದು ಕಾಯ್ತಾ ಇರುತ್ತೆ.
ಎಳೆ ಕಡಿಯೋದು ಮೊದ್ಲು ಗೊತ್ತಾಗೋದು
ಅದಕ್ಕೇ."

ಬಲಗೈಗೆ ಕತ್ತರಿ.
ಎಡಗೈಗೆ ಚಿಮಟ ಕೊಟ್ಟೆ.
ನಾಲ್ಕನೆಯ ಗಂಟನ್ನು ಅದು ಮೆಲ್ಲಗೆ ಎತ್ತಿ
ಹಿಡಿಯಿತು, ಸ್ವಲ್ಪ ನಡುಗುತ್ತ.

ಬಾಗಿಲಲ್ಲಿ ಮೇಡಂ ನಿಂತಿದ್ದರೋ ಏನೋ,
ತಿರುಗಿ ನೋಡಲಿಲ್ಲ.